ಹೊಗೆಯ ಜಾಡು

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯಬೇಕು. ತರ್ಕಶಾಸ್ತ್ರಕ್ಕೆ ಕುಳಿತ ಶಿಷ್ಯನಿಗೆ ಗುರುವು ಹೇಳಿಕೊಡುತ್ತ ಬಂದ ಹಳೆಯ ಉದಾಹರಣೆಯಿದು. ಅಡಿಗೆಮನೆಯ ಸೌದೆಯ ಒಲೆಯೇ ಅದಕ್ಕೆ ದೃಷ್ಟಾಂತ. ಹೊಗೆ ತಾನು ಹುಟ್ಟಿದ ಸ್ಥಳದಲ್ಲಿಯೇ ಇರುವಷ್ಟು ಕಾಲ ಈ ತರ್ಕಕ್ಕೆ ಭಂಗವಿಲ್ಲ. ಅದು ದೇಶಾಂತರಕ್ಕೆ ಹೊರಟಾಗಲೇ ತೊಡಕು.

2020ರ ಜನವರಿ 5ರ ಮಧ್ಯಾಹ್ನ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಆಕಾಶ ಕಿತ್ತಳೆಯ ಬಣ್ಣಕ್ಕೆ ತಿರುಗಿ ಮಬ್ಬುಗವಿಯಿತು. ಗಾಬರಿಗೊಂಡ ಜನ ಪೊಲೀಸರಿಗೆ ಫೋನ್ ಮಾಡತೊಡಗಿದರು. ಬೆಂಕಿಯಿದ್ದುದು ಆ ಊರಿನಲ್ಲಲ್ಲ. ಸುಮಾರು 2,000 ಕಿಲೋಮೀಟರ್ ದೂರದಲ್ಲಿ, ಟಾಸ್ಮನ್ ಸಮುದ್ರದಾಚೆಯ ಆಸ್ಟ್ರೇಲಿಯದ ಕಾಡುಗಳಲ್ಲಿ.

ಅಲ್ಲಿಯ ಬೆಂಕಿಯನ್ನೂ ಇಲ್ಲಿಯ ಹೊಗೆಯನ್ನೂ ಒಂದೇ ನೋಟದಲ್ಲಿ ಹಿಡಿಯಬಲ್ಲ ಕಣ್ಣು ಇದ್ದುದು ಭೂಮಧ್ಯರೇಖೆಯ ಮೇಲೆ, ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ. ಅದು ಜಪಾನಿನ ಹಿಮಾವರಿ-8 ಎಂಬ ಉಪಗ್ರಹ. ಹಿಮಾವರಿ ಎಂದರೆ ಸೂರ್ಯಕಾಂತಿ. ತೋಟದ ಸೂರ್ಯಕಾಂತಿ ಸೂರ್ಯನತ್ತ ಮುಖಮಾಡಿದರೆ ಈ ಹೂವಿನ ದೃಷ್ಟಿಯೆಲ್ಲ ಭೂಮಿಯ ಮೇಲೆ! ಹತ್ತು ನಿಮಿಷಕ್ಕೊಮ್ಮೆ ಅದು ತೆಗೆದ ಚಿತ್ರಗಳನ್ನು ಒಂದರ ಹಿಂದೊಂದು ಜೋಡಿಸಿದಾಗ, ಬಿಳಿಯ ಮೋಡಗಳ ನಡುವೆ ಕಂದುಬಣ್ಣದ ಸೆರಗೊಂದು ಕಡಲ ಮೇಲೆ ಎಳೆದುಕೊಂಡು ಹೋಗುವಂತೆ ಕಾಣುತ್ತಿತ್ತು.

ಹೊಗೆಯೂ ಮೋಡವೂ ಬೆರೆತು ಬಣ್ಣದಿಂದ ಗುರುತು ಸಿಗದಾದಾಗ ಬೇರೊಂದು ಉಪಾಯವುಂಟು. ಹೊಗೆಯ ಕಣಗಳು ನೇರಳಾತೀತ ಕಿರಣಗಳನ್ನು ಹೀರುತ್ತವೆ. ಮೋಡವಾದರೋ ಅವನ್ನು ಮರಳಿ ಚೆಲ್ಲುತ್ತದೆ. ಅಮೆರಿಕದ ಸುವೋಮಿ ಎನ್‌ಪಿಪಿ ಉಪಗ್ರಹದಲ್ಲಿನ ಉಪಕರಣ ಈ ವ್ಯತ್ಯಾಸವನ್ನೇ ಹಿಡಿದು ಹೊಗೆಯ ಬೆನ್ನುಹತ್ತಿತು. ಜನವರಿ 8ರ ಹೊತ್ತಿಗೆ ಹೊಗೆ ಶಾಂತಸಾಗರವನ್ನು ದಾಟಿ ದಕ್ಷಿಣ ಅಮೆರಿಕವನ್ನು ಸೇರಿತ್ತು. ಮುಂದೆ ಭೂಪ್ರದಕ್ಷಿಣೆಯನ್ನೇ ಮುಗಿಸಿತು.

ಆದರೂ ಮೇಲಿನಿಂದ ನೋಡುವ ಕಣ್ಣಿಗೆ ಒಂದು ಕುಂದುಂಟು. ಹೊಗೆ ಎಲ್ಲಿದೆಯೆಂಬುದು ತಿಳಿದರೂ ಎಷ್ಟು ಎತ್ತರದಲ್ಲಿದೆಯೆಂಬುದು ಸುಲಭವಾಗಿ ತಿಳಿಯದು. ಬಹಳ ಮೇಲೆ ಸಾಗುವ ಹೊಗೆ ಸಂಜೆಯ ಬಾನಿಗೆ ಬಣ್ಣ ಬಳಿದು ಹೋಗುತ್ತದೆ; ನೆಲಕ್ಕಿಳಿದ ಹೊಗೆ ಉಸಿರು ಕಟ್ಟಿಸುತ್ತದೆ. ಚಿತ್ರದಲ್ಲಿ ಎರಡೂ ಒಂದೇ ಬಗೆಯ ಕಲೆ. ಈ ಭೇದವನ್ನು ತಿಳಿಯಲು, 2006ರಿಂದ 2023ರವರೆಗೆ ದುಡಿದ ಕ್ಯಾಲಿಪ್ಸೊ ಉಪಗ್ರಹ ಲೇಸರ್ ಬೆಳಕನ್ನು ಕೆಳಗೆ ಬಿಟ್ಟು, ಅದು ಮರಳಿ ಬರಲು ಹಿಡಿದ ಕಾಲದಿಂದ ಎತ್ತರವನ್ನು ಅಳೆಯುತ್ತಿತ್ತು. ಕಾಡ್ಗಿಚ್ಚಿನ ಕಾವಿನಿಂದಲೇ ಹುಟ್ಟಿದ ಗುಡುಗುಮೋಡಗಳು ಹೊಗೆಯನ್ನು 15 ಕಿಲೋಮೀಟರಿಗೂ ಮೇಲಕ್ಕೆ ಎತ್ತಿದ್ದುದು ಹೀಗೆ ತಿಳಿದುಬಂದಿತು. ಆದರೆ ಲೇಸರ್ ಕಾಣುವುದು ತನ್ನ ಹಾದಿಯ ಕೆಳಗಿನ ಒಂದು ಎಳೆಯನ್ನು ಮಾತ್ರ. ಮನುಷ್ಯನ ಮೂಗಿನ ಮಟ್ಟದ ಲೆಕ್ಕ ಹೇಳಲು ಊರಿನಲ್ಲಿಟ್ಟ ಮಾಪಕವೇ ಬೇಕು.

ಇದು ಪಂಡಿತರ ಕುತೂಹಲ ಮಾತ್ರವಲ್ಲ. ಆ ಬೇಸಿಗೆಯಲ್ಲಿ ಬೆಂಕಿ ನೇರವಾಗಿ 33 ಜನರನ್ನು ಬಲಿತೆಗೆದುಕೊಂಡಿತು. ಹೊಗೆಯಿಂದಾದ ಸಾವುಗಳು 417 ಇರಬಹುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಬೆಂಕಿಯ ಮುಂದೆ ನಿಲ್ಲುವ ಧೈರ್ಯ ಯಾರಿಗೂ ಇಲ್ಲ. ಹೊಗೆಯನ್ನು ಮಾತ್ರ ಕಣ್ಣೊರಸಿಕೊಂಡು ಸಹಿಸಿಬಿಡುತ್ತಾರೆ.

ಹೊಗೆಯಿಂದ ಬೆಂಕಿಯನ್ನು ಅರಿಯುವುದು ಹಳೆಯ ತರ್ಕ. ಬೆಂಕಿ ಎದ್ದೊಡನೆ, ಗಾಳಿಯ ಗತಿಯನ್ನು ಲೆಕ್ಕಹಾಕಿ, ಹೊಗೆ ನಾಳೆ ಯಾರ ಬಾಗಿಲಿಗೆ ಬರುವುದೆಂದು ಹೇಳುವುದು ಹೊಸದು. ಉಬ್ಬಸದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ, ಕಿಟಕಿ ಮುಚ್ಚಿಕೊಳ್ಳುವಷ್ಟು ಮೊದಲೇ ಆ ಮಾತು ಮುಟ್ಟಬೇಕು. ಅಷ್ಟು ಎತ್ತರದ ನೋಟಕ್ಕೆ ಆಗಲೇ ಬೆಲೆ.