ಐಸ್‌ಗಡ್ಡೆಯ ಕಾಲದ ಶವಾಗಾರ

ಎಂಬತ್ತರ ದಶಕದಲ್ಲಿ ನಾನು ಸರ್ಕಾರಿ ವೈದ್ಯನಾಗಿ ಸೇರಿದ್ದು ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಗೆ. ಶವಾಗಾರ ಅಂದರೆ ಕಾಂಪೌಂಡಿನ ಮೂಲೆಯಲ್ಲಿ ತಗಡಿನ ಸೂರಿನ ಒಂದೇ ಕೋಣೆ, ನಡುವೆ ಸಿಮೆಂಟಿನ ಕಟ್ಟೆ. ವಾರಸುದಾರರು ಬರುವುದು ತಡವಾದರೆ ಐಸ್ ಫ್ಯಾಕ್ಟರಿಯಿಂದ ಗಡ್ಡೆ ತರಿಸಿ, ಮರದ ಹೊಟ್ಟು ಸುರಿದು, ಗೋಣಿ ಹೊದಿಸುತ್ತಿದ್ದರು. ಏಪ್ರಿಲ್ ಬಿಸಿಲಿಗೆ ಅದು ಮಧ್ಯಾಹ್ನದೊಳಗೆ ನೀರಾಗಿ ಹೊಸ್ತಿಲು ದಾಟುತ್ತಿತ್ತು.

ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ತೋರಿಸಿಕೊಟ್ಟವರು ಅಲ್ಲಿದ್ದ ಡಿ ಗ್ರೂಪ್ ನೌಕರರೊಬ್ಬರು. “ಸಾರ್, ಮೊದಲು ಬಲಗಡೆ ಕಿಬ್ಬೊಟ್ಟೆ ನೋಡಿ” ಅನ್ನುತ್ತಿದ್ದರು. ಅಲ್ಲಿ ಹಸಿರು ಛಾಯೆ ಮೂಡಿದ್ದರೆ ಕೊಳೆಯಲು ಶುರುವಾಗಿದೆ ಎಂದೇ ಲೆಕ್ಕ. ದೊಡ್ಡ ಕರುಳಿನ ಮೊದಲ ಭಾಗ ಅಲ್ಲಿ ಚರ್ಮಕ್ಕೆ ಹತ್ತಿರ. ಜೀವವಿದ್ದಾಗ ಹದ್ದುಬಸ್ತಿನಲ್ಲಿದ್ದ ಬ್ಯಾಕ್ಟೀರಿಯಾಗಳು ಸತ್ತ ಮೇಲೆ ತಡೆಯಿಲ್ಲದೆ ಹೆಚ್ಚುತ್ತವೆ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಆ ಬಣ್ಣ ಬರುತ್ತದೆ. ಬೇಸಿಗೆಯಲ್ಲಿ 12ರಿಂದ 18 ಗಂಟೆಯೊಳಗೆ, ಚಳಿಗಾಲದಲ್ಲಿ ಒಂದೆರಡು ದಿನಕ್ಕೆ. ಆಮೇಲೆ ಗಾಳಿ ತುಂಬಿ ಹೊಟ್ಟೆ, ಮುಖ ಊದುತ್ತವೆ, ನಾಲಿಗೆ ಹೊರಬರುತ್ತದೆ, ಚರ್ಮ ಬೊಬ್ಬೆಯೆದ್ದು ಸುಲಿಯುತ್ತದೆ.

ಕೆರೆಯಿಂದ ಎತ್ತಿದ ಹೆಣ ಬಂತೆಂದರೆ ಅವರು ಇನ್ನೂ ಅವಸರ ಮಾಡುತ್ತಿದ್ದರು. ನೀರೊಳಗೆ ನಿಧಾನವಾಗಿ ಕೊಳೆಯುವ ದೇಹ ಮೇಲೆ ಬಂದೊಡನೆ ಬೇಗಬೇಗ ಕೆಡುತ್ತದೆ. ಒಮ್ಮೆ ಹಾಗೆ ಬಂದ ಯುವಕನ ಮುಖ ನೋಡಿ ತಾಯಿ “ಇವನು ನನ್ನ ಮಗ ಅಲ್ಲ” ಅಂದುಬಿಟ್ಟರು. ಆ ನೌಕರ ಮಾತಾಡದೆ ಒದ್ದೆ ಬಟ್ಟೆಯಿಂದ ಹೆಣದ ಮುಂಗೈ ಒರೆಸಿದರು. ಮೇಲ್ದೊಗಲು ಜಾರಿದ ಜಾಗದಲ್ಲಿ ಹಚ್ಚೆ ಸ್ಪಷ್ಟವಾಗಿ ಕಂಡಿತು. ಹಚ್ಚೆಯ ಮಸಿ ಇರುವುದು ಒಳದೊಗಲಿನಲ್ಲಿ. ತಾಯಿ ಅಲ್ಲೇ ಕುಸಿದು ಕೂತರು.

ಆಗ ಕತ್ತಲಾದ ಮೇಲೆ ಪೋಸ್ಟ್‌ಮಾರ್ಟಂ ಮಾಡುವಂತಿರಲಿಲ್ಲ. ಪಂಚನಾಮೆ ಮುಗಿಸಿ ಪೊಲೀಸರು ಸಂಜೆ ತಂದ ಹೆಣ ಬೆಳಗಾಗುವಷ್ಟರಲ್ಲಿ ಬೇರೆಯೇ ಆಗಿರುತ್ತಿತ್ತು. ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ರಾತ್ರಿಯೂ ಮಾಡಬಹುದೆಂದು ಕೇಂದ್ರ ಸರ್ಕಾರ ಹೇಳಿದ್ದು 2021ರ ನವೆಂಬರ್‌ನಲ್ಲಿ. ಕೊಲೆ, ಆತ್ಮಹತ್ಯೆ, ಅತ್ಯಾಚಾರದ ಪ್ರಕರಣಗಳನ್ನೂ ಕೊಳೆತ ಶವಗಳನ್ನೂ ಸಾಮಾನ್ಯವಾಗಿ ಇದರಿಂದ ಹೊರಗಿಟ್ಟಿದ್ದಾರೆ.

ನಾನು ನಿವೃತ್ತನಾಗುವ ಹೊತ್ತಿಗೆ ಸ್ಟೀಲಿನ ಶೀತಲ ಪೆಟ್ಟಿಗೆಗಳು ಬಂದಿದ್ದವು. ಈಗ ಬಾಡಿಗೆ ಫ್ರೀಜರ್ ಮನೆಬಾಗಿಲಿಗೇ ಬರುತ್ತದೆ. ದುಬೈಯಲ್ಲಿರುವ ಮಗ ಬರುವವರೆಗೂ ಅಪ್ಪನ ಮುಖ ಹಾಗೇ ಇರುತ್ತದೆ. ಆದರೆ 4 ಡಿಗ್ರಿ ತಂಪು ಕೊಳೆಯುವುದನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಪೆಟ್ಟಿಗೆ ಸೇರುವ ಮೊದಲೇ ಹೊಲದಲ್ಲೋ ಹಳಿಯ ಪಕ್ಕದಲ್ಲೋ ಬಿದ್ದಿದ್ದ ದೇಹಕ್ಕೆ ಕಳೆದುಹೋದ ಮುಖವನ್ನು ಯಾವ ಯಂತ್ರವೂ ಮರಳಿ ಕೊಡದು.

ಆದ್ದರಿಂದ ಮನೆಯವರು ಯಾರಾದರೂ ಕಾಣೆಯಾದರೆ ಮರ್ಯಾದೆಗೆ ಅಂಜಿ ದಿನ ದೂಡಬೇಡಿ. ಅಂದೇ ಠಾಣೆಗೆ ಹೋಗಿ ದೂರು ಕೊಡಿ. ಫೋಟೊ ಜೊತೆಗೆ ಹಚ್ಚೆ, ಹಳೆಯ ಆಪರೇಷನ್ ಗಾಯ, ಕಟ್ಟಿಸಿದ ಹಲ್ಲು, ಉಡಿದಾರ ಎಲ್ಲವನ್ನೂ ಬರೆಸಿ.