ಮರ್ಯಾದೆಗಿಂತ ಮಕ್ಕಳು ದೊಡ್ಡವರು

ಮನೆಯ ಮಾತು ಹೊಸ್ತಿಲು ದಾಟಬಾರದೆಂಬ ಬುದ್ಧಿವಾದವನ್ನು ನಾವು ಚಿಕ್ಕಂದಿನಿಂದಲೂ ಕೇಳಿದ್ದೇವೆ. ಅತ್ತೆ-ಸೊಸೆಯರ ಮುನಿಸಿಗೆ ಅದು ಸಲ್ಲುವುದು. ಸಾವಿರಾರು ಮನೆಗಳ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡಿರುವ ವಿದ್ಯಾಲಯಕ್ಕೆ ಸಲ್ಲದು. ನಮ್ಮಣ್ಣನ ಮಗಳು ವ್ಯಾಸಂಗಕ್ಕೆಂದು ಅಮೆರಿಕೆಗೆ ಹೊರಟು ನಿಂತಾಗ ಈ ಮಾತನ್ನು ನಾವು ಬಹುವಾಗಿ ಯೋಚಿಸಿದೆವು.

ಆ ದೇಶದ ಪೆನ್ಸಿಲ್ವೇನಿಯಾ ಪ್ರಾಂತ್ಯದ ಲೀಹೈ ವಿಶ್ವವಿದ್ಯಾನಿಲಯದಲ್ಲಿ ಜೀನ್ ಕ್ಲೇರಿ ಎಂಬ 19 ವರ್ಷದ ಹುಡುಗಿ ಓದುತ್ತಿದ್ದಳು. 1986ನೆಯ ಏಪ್ರಿಲ್ 5ರಂದು, ವಿದ್ಯಾರ್ಥಿನಿಲಯದ ತನ್ನ ಕೋಣೆಯಲ್ಲಿಯೇ, ಅಲ್ಲಿನ ವಿದ್ಯಾರ್ಥಿಯೊಬ್ಬನಿಂದ ಅವಳು ಕೊಲೆಯಾದಳು. ತಾವಾಗಿಯೇ ಬೀಗ ಬೀಳುವ ಬಾಗಿಲುಗಳನ್ನು ಯಾರೋ ಅಡ್ಡವಿಟ್ಟು ತೆರೆದಿಟ್ಟಿದ್ದರು. ಅಲ್ಲಿ ಹಿಂದೆ ನಡೆದಿದ್ದ ಅಪರಾಧಗಳ ಸುದ್ದಿ ತಮಗೆ ತಿಳಿದಿರಲಿಲ್ಲವಲ್ಲಾ ಎಂದು ತಾಯಿತಂದೆಗಳು ಮರುಗಿದರು. ಆದರೆ ಮರುಗಿ ಸುಮ್ಮನಾಗಲಿಲ್ಲ. ಅವರ ಹೋರಾಟದಿಂದ 1990ರಲ್ಲಿ ರಾಷ್ಟ್ರದ ಶಾಸನವೊಂದು ಹುಟ್ಟಿತು. 1998ರಲ್ಲಿ ಅದಕ್ಕೆ ಜೀನಳ ಹೆಸರೇ ಬಂದಿತು.

ವಿದ್ಯಾರ್ಥಿಗಳಿಗಾಗಿ ಸರಕಾರದ ಸಹಾಯಧನ ಪಡೆಯುವ ಸಂಸ್ಥೆಗಳು ಪ್ರತಿ ವರ್ಷ ಅಕ್ಟೋಬರ್ 1ರೊಳಗಾಗಿ ಹಿಂದಿನ ಮೂರು ವರ್ಷಗಳ ಅಪರಾಧಗಳ ಲೆಕ್ಕವನ್ನು ಪ್ರಕಟಿಸತಕ್ಕದ್ದು. ಅಪಾಯವು ಮುಂದುವರಿಯುವಂತಿದ್ದರೆ ಎಲ್ಲರನ್ನೂ ಒಡನೆ ಎಚ್ಚರಿಸತಕ್ಕದ್ದು. ತಪ್ಪಿದವರಿಗೆ ದಂಡವುಂಟು. 2016ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಸುಮಾರು 24 ಲಕ್ಷ ಡಾಲರು, 2024ರಲ್ಲಿ ಲಿಬರ್ಟಿ ವಿಶ್ವವಿದ್ಯಾನಿಲಯಕ್ಕೆ 1 ಕೋಟಿ 40 ಲಕ್ಷ ಡಾಲರು ದಂಡ ಬಿದ್ದಿತು.

ಅಂತಹ ಲೆಕ್ಕಪತ್ರಗಳೆರಡನ್ನು ನಮ್ಮ ಅತ್ತಿಗೆಯವರೂ ನೋಡಿದರು. ಒಂದರಲ್ಲಿ ಬಹುಪಾಲು ಸೊನ್ನೆಗಳೇ, ಇನ್ನೊಂದರಲ್ಲಿ ಅಂಕಿಗಳು. "ಇಷ್ಟೆಲ್ಲಾ ನಡೆದಿರುವ ಕಡೆಗೆ ಹುಡುಗಿಯನ್ನು ಕಳುಹುವುದೇ?" ಎಂದು ಅವರು ಕಳವಳಗೊಂಡರು. ಅವರ ಅಂಜಿಕೆ ಸಹಜವಾದುದೇ. ಆದರೂ ನಮಗೆ ತೋರಿದುದಿಷ್ಟು: ಅಂಕಿ ದೊಡ್ಡದಾದ ಮಾತ್ರಕ್ಕೆ ಸ್ಥಳವು ಕೆಟ್ಟದ್ದಲ್ಲ; ಅಲ್ಲಿ ವಿದ್ಯಾರ್ಥಿಗಳು ಹೆಚ್ಚಿರಬಹುದು, ದೂರುವ ಧೈರ್ಯವೂ ಕೇಳುವ ಕಿವಿಯೂ ಇರಬಹುದು. ಸೊನ್ನೆಯು ನೆಮ್ಮದಿಯ ಗುರುತಾಗಿರಬಹುದು, ಬಾಯಿ ಮುಚ್ಚಿಸಿದ ಗುರುತೂ ಆಗಿರಬಹುದು. ಆದುದರಿಂದ ಅಂಕಿಯನ್ನು ಓದಿದರೆ ಸಾಲದು. ರಾತ್ರಿಯ ಕಾವಲು ಯಾರದು, ದೂರನ್ನು ಯಾರಿಗೆ ಕೊಡಬೇಕು, ಕೊಟ್ಟ ಮೇಲೆ ಏನಾಗುವುದು ಎಂಬುದನ್ನೂ ಬರೆದು ಕೇಳಿದೆವು. ವಿವರವಾಗಿ ಉತ್ತರ ಬಂದುದು ಅಂಕಿಗಳಿದ್ದ ಕಡೆಯಿಂದಲೇ. ಹುಡುಗಿ ಈಗ ಅಲ್ಲಿಯೇ ಓದುತ್ತಿದ್ದಾಳೆ.

ಮಗಳನ್ನು ಕೊಡುವಾಗ ಹತ್ತು ಕಡೆ ವಿಚಾರಿಸುವ ನಾವು, ಮಕ್ಕಳನ್ನು ವಿದ್ಯಾರ್ಥಿನಿಲಯಕ್ಕೆ ಸೇರಿಸುವಾಗ ಶುಲ್ಕವೊಂದನ್ನೇ ವಿಚಾರಿಸಿ ಬರುವುದು ತರವೇ? ನಮ್ಮೂರಿನ ಕಾಲೇಜಾಗಲಿ, ಕಡಲಾಚೆಯದಾಗಲಿ, ಕೇಳುವ ಹಕ್ಕು ಹೆತ್ತವರದು. ಹೇಳುವ ಹೊಣೆ ಸಂಸ್ಥೆಯದು.