ಬಸುರಿಯ ರಕ್ತಲೇಪ

ಬಸುರಿಯ ರಕ್ತದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಓದುವುದು ಲ್ಯಾಬಿನ ಕೆಲಸಗಳಲ್ಲೆಲ್ಲ ಸೊಗಸಾದದ್ದು. ಅಕ್ಕಲಕೋಟೆ ಕಡೆಯ ಕನ್ನಡ ಹಳ್ಳಿಗಳಿಂದ ಹೆಣ್ಣುಮಕ್ಕಳು ತಪಾಸಣೆಗೆ ಸೊಲ್ಲಾಪುರಕ್ಕೆ ಬರುತ್ತಾರೆ. ಕುಬಸದ ಹಸಿರು ಸೀರೆ ಬೇಕಾದವರು ಅದೇ ಫೇರಿಯಲ್ಲಿ ನವಿ ಪೇಠದ ಅಂಗಡಿಗಳನ್ನೂ ಹತ್ತುತ್ತಾರೆ. ಬಸಿರಿನ ಗುರುತು ಅವರು ಕೊಟ್ಟು ಹೋದ ರಕ್ತದಲ್ಲೂ ಇರುತ್ತದೆ.

ಈ ಲೇಪ, ಅಂದರೆ ಸ್ಮಿಯರ್, ಎಳೆಯಲು ಕೈ ಪಳಗಿರಬೇಕು. ಇನ್ನೊಂದು ಗಾಜನ್ನು 30ರಿಂದ 45 ಡಿಗ್ರಿ ಓರೆಯಾಗಿ ಹಿಡಿದು, ಹನಿ ಅಂಚಿನುದ್ದಕ್ಕೂ ಹರಡಿದ ಕೂಡಲೇ, ಎಲ್ಲೂ ನಿಲ್ಲದೆ ಒಂದೇ ಸಲಕ್ಕೆ ಮುಂದೆ ತಳ್ಳಬೇಕು. ಕೈ ತಡವರಿಸಿದರೆ ಗೆರೆ ಬೀಳುತ್ತದೆ. ಒಳ್ಳೆಯ ಲೇಪ ನಾಲಗೆಯ ಆಕಾರದಲ್ಲಿ ತೆಳುವಾಗುತ್ತ ಹೋಗಿ ಮುಗಿಯುತ್ತದೆ. ಒಣಗಿದ ಮೇಲೆ ಲೀಶ್‌ಮನ್ ಬಣ್ಣ ಹಾಕಿ ಎರಡು ನಿಮಿಷ, ಅದರ ಇಮ್ಮಡಿ ಬಫರ್ ನೀರು ಬೆರೆಸಿ ಮತ್ತೆ ಏಳೆಂಟು ನಿಮಿಷ ಬಿಡಬೇಕು. ತೊಳೆದಾಗ ಕೆಂಪು ಕಣಗಳು ಗುಲಾಬಿಗೆ ತಿರುಗಿ, ಬಿಳಿ ಕಣಗಳ ನ್ಯೂಕ್ಲಿಯಸ್ ನೇರಳೆಯಾಗಿ ಎದ್ದು ಕಾಣುತ್ತದೆ. ಆ ನೇರಳೆ ಸರಿಯಾಗಿ ಬಂದ ದಿನ ಓದುವವರ ಕಣ್ಣಿಗೆ ಹಬ್ಬ.

ಆಯಿಲ್ ಲೆನ್ಸ್ ಇಳಿಸಿದರೆ ಎಲ್ಲಿ ನೋಡಿದರೂ ಬಿಳಿ ಕಣಗಳ ಒಂದು ಬಗೆಯಾದ ನ್ಯೂಟ್ರೊಫಿಲ್‌ಗಳೇ. ಮೈಕ್ರೊಲೀಟರಿಗೆ 4,000ದಿಂದ 11,000 ಇರುವ ಬಿಳಿ ಕಣಗಳು ಬಸಿರಿನಲ್ಲಿ 15,000 ಮುಟ್ಟುವುದು ಸಹಜ. ಹೆರಿಗೆಯ ಹೊತ್ತಿಗೆ ಇನ್ನೂ ಏರುತ್ತವೆ. ಕೆಲವು ಕಣಗಳ ಅಂಚಿನಲ್ಲಿ ಡೋಲೆ ಕಾಯಗಳೆಂಬ ತಿಳಿನೀಲಿ ಕಲೆಗಳೂ ಕಾಣುತ್ತವೆ.

ಆದರೆ ಬಣ್ಣಕ್ಕೆ ಸಿಕ್ಕದ ಬದಲಾವಣೆಯೇ ದೊಡ್ಡದು. ನ್ಯೂಟ್ರೊಫಿಲ್ ಮುಖ್ಯವಾಗಿ ಗ್ಲೂಕೋಸ್ ಮೇಲೆ ಬದುಕುತ್ತದೆ. ಆ ಗ್ಲೂಕೋಸಿನ ಒಂದು ಪಾಲು ಜಿ6ಪಿಡಿ ಎಂಬ ಕಿಣ್ವದ ದಾರಿಯಲ್ಲಿ ಹೋಗುವಾಗ ಎನ್ಎಡಿಪಿಎಚ್ ತಯಾರಾಗುತ್ತದೆ. ರೋಗಾಣು ಕೊಲ್ಲುವ ಆಕ್ಸಿಡೆಂಟುಗಳಿಗೆ ಅದೇ ಬಂಡವಾಳ. ಬಸುರಿಯರ ನ್ಯೂಟ್ರೊಫಿಲ್‌ನಲ್ಲಿ ಈ ಕಿಣ್ವ ಕಣದ ಅಂಚನ್ನು ಬಿಟ್ಟು ನಡುವಿನ ಸೆಂಟ್ರೊಸೋಮ್ ಬಳಿ ಸೇರುತ್ತದೆ ಎಂದು ಅಮೆರಿಕದ ಸಂಶೋಧಕ ಹೊವಾರ್ಡ್ ಪೆಟ್ಟಿ ಮತ್ತು ಸಂಗಡಿಗರು ತೋರಿಸಿದರು. ಕಿಣ್ವ ಜಾಗ ಬದಲಿಸಿದ್ದರಿಂದ ಆ ದಾರಿಯ ಕೆಲಸ ನಿಧಾನವಾಗಿ, ಆಕ್ಸಿಡೆಂಟುಗಳು ಕಡಿಮೆ ಹೊರಬೀಳುತ್ತವೆ. ಕಣಗಳ ಸಂಖ್ಯೆ ಏರಿದರೂ ಒಂದೊಂದರ ಬಿರುಸು ತಗ್ಗುವ ಈ ಹೊಂದಾಣಿಕೆ ಬೆರಗು ಹುಟ್ಟಿಸುವಂಥದ್ದು.

ತಾಯಿಯ ರಕ್ಷಣಾ ಕಣಗಳು ಭ್ರೂಣದ ಮೇಲೆ ಎರಗದಂತೆ ಗರ್ಭಕೋಶದ ಬಳಿ ಬೇರೊಂದು ಉಪಾಯವಿದೆ. ಅಲ್ಲಿನ ಐಡಿಒ ಕಿಣ್ವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಒಡೆಯುತ್ತದೆ. ಅದಿಲ್ಲದೆ ಟಿ ಕಣಗಳೆಂಬ ಬಿಳಿ ಕಣಗಳು ಬೆಳೆಯಲಾರವು. ಇಲಿಗಳಲ್ಲಿ ಈ ಕಿಣ್ವವನ್ನು ತಡೆದಾಗ, ತಾಯಿಗಿಂತ ಬೇರೆ ತಳಿಯ ತಂದೆಯ ಭ್ರೂಣಗಳು ಉಳಿಯಲಿಲ್ಲ ಎಂಬುದನ್ನು 1998ರಲ್ಲಿ ಡೇವಿಡ್ ಮನ್, ಆಂಡ್ರ್ಯೂ ಮೆಲರ್ ಮತ್ತು ಸಂಗಡಿಗರು ಪ್ರಕಟಿಸಿದರು.

ಹೀಗಾಗಿ ಬಸುರಿಯ ರಿಪೋರ್ಟಿನಲ್ಲಿ ಬಿಳಿ ಕಣಗಳು ಹೆಚ್ಚಿವೆ ಎಂದ ಮಾತ್ರಕ್ಕೆ ಸೋಂಕು ಎನ್ನಲಾಗದು. ಜ್ವರವಿದ್ದರೆ ಅಲಕ್ಷ್ಯ ಮಾಡಲೂ ಆಗದು. ರಕ್ತ ಕಳಿಸುವ ಚೀಟಿಯ ಮೇಲೆ ಎಷ್ಟನೇ ತಿಂಗಳು ಎಂಬುದನ್ನು ತಪ್ಪದೆ ಬರೆಯಬೇಕು.